ಹಗ್ಗದ ಆ ತುದಿ

ರಾತ್ರಿಯಿಡೀ ಸದ್ದೇ ಇರಲಿಲ್ಲ. ಅದರಿಂದಲೇ ತಿಳಿಯಿತು.
ಬೆಳಗ್ಗೆ ಅಡುಗೆಮನೆಯ ಜಾರುಬಾಗಿಲು
ಚೌಕಟ್ಟಿನಲ್ಲಿ ಬಿಗಿದು ಬೆರಳಗಲ ಸರಿಯಲಿಲ್ಲ.
ತಲೆಯ ಮೇಲೆ ತೊಲೆ
ನಿದ್ದೆಯಲ್ಲಿ ಹಲ್ಲು ಕಡಿದಂತೆ ಒಮ್ಮೆ ಕಟಕ್ಕೆಂದಿತು.

ಬಾಗಿಲು ಸರಿಯದ ದಿನ ಮಾಡು ಹತ್ತು, ಅನ್ನುತ್ತಿದ್ದ ಅಪ್ಪ.

ಹತ್ತಿದೆ. ಐವತ್ತೊಂಬತ್ತರ ಮಂಡಿ, ಅಪ್ಪನ ರಬ್ಬರು ಬೂಟು,
ಒಳಗೆ ಎರಡು ಜೊತೆ ಕಾಲುಚೀಲ.
ಏಣಿ ಹಿಡಿದವಳು ಅತ್ತಿಗೆ ಸುಮಿಯೆ.
ಒಬ್ಬೊಬ್ಬರೇ ಹತ್ತಬೇಡಿರೆಂದು ಊರ ಕಚೇರಿಯ ಧ್ವನಿವರ್ಧಕ
ಉಓನುಮಾ ಕಣಿವೆಗೆಲ್ಲ ದಿನಕ್ಕೆರಡು ಸಲ ಕೂಗುತ್ತದೆ.
ಹೋದ ವಾರ ಅಕ್ಕಿಯಂಗಡಿಯ ತಾತ್ಸುಜಿ
ಬಿದ್ದದ್ದು ಮೆತ್ತನೆಯ ಹಿಮದ ಮೇಲೆಯೇ;
ಮೆತ್ತನೆಯದೇ ಅವನ ಮೇಲೂ ಬಿತ್ತು.
ಸಂಜೆಗೆ ಸಲಿಕೆಯ ಹಿಡಿ ಕಂಡಿತು.

ಹಿಮ ಹಗುರ ಅನ್ನುವವರು ಚಿತ್ರದಲ್ಲಿ ನೋಡಿದವರು.
ಮೇಲಿನದು ಅರಳೆ. ಅದರಡಿ ಒದ್ದೆ ಅಕ್ಕಿಹಿಟ್ಟು.
ತಳದಲ್ಲಿ, ಮೊನ್ನೆ ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜು.
ತೋಫು ಕೊಯ್ದಂತೆ ಚೌಕಚೌಕ ಕೊಯ್ಯಬೇಕು,
ಎತ್ತಬಾರದು, ಜಾರಿಸಬೇಕು,
ಕಾಲಿಗೆ ಹಿಡಿತವಿರಲೆಂದು ಒಂದು ಪದರ ಉಳಿಸಬೇಕು.
ಸೂರಿಗೆ ಜೋತ ಮಂಜಿನ ಕೋಲುಗಳಿಗೆ ಮಾತ್ರ
ಕೊಡಲಿಯ ಬೆನ್ನು.
ಕೆಳಗೆ ರಸ್ತೆ ಇಟ್ಟಿಗೆಗೆಂಪು:
ಹಿಮ ಕರಗಲೆಂದು ಚಿಮ್ಮಿಸಿದ ಅಂತರ್ಜಲದಲ್ಲಿ
ಎಷ್ಟೊಂದು ವರ್ಷಗಳ ತುಕ್ಕು.

ಹಗ್ಗದ ಮಾತು ಹೇಳಬೇಕು.
ಅದು ನನ್ನ ಸೊಂಟದಿಂದ ಹೊರಟು, ಮಾಡಿನ ನೆತ್ತಿ ದಾಟಿ,
ಆಚೆಯ ಇಳಿಜಾರಿನಲ್ಲಿ ಇಳಿದು
ಎಲ್ಲಾದರೂ ಗಟ್ಟಿಯಾಗಿ ಕಟ್ಟಿಸಿಕೊಳ್ಳಬೇಕು.
ಈ ಕಡೆ ನಾನು ಜಾರಿದರೆ ಆ ಕಡೆ ಹಿಡಿಯಬೇಕು.
ಆ ಕಡೆ ನಮ್ಮದೇನೂ ಇಲ್ಲ.
ಗೋಡೆಯಿಂದ ಎರಡು ಮಾರಿಗೆ ನಮ್ಮ ನೆಲ ಮುಗಿಯುತ್ತದೆ;
ಆಮೇಲೆ ಇರುವುದು ಕುನಿಹರುವಿನ ಪರ್ಸಿಮನ್ ಮರ.

ನನಗೆ ಹದಿನಾಲ್ಕಾಗಿದ್ದಾಗ ನಮ್ಮ ಮಾಡಿನ ಹಿಮ
ಒಂದೇ ಏಟಿಗೆ ಸರಿದು ಅವನ ಬಚ್ಚಲುಮನೆ ಮುರಿಯಿತು.
ಹಿಮ ಆಕಾಶದ್ದು, ಅಂದ ಅಪ್ಪ.
ಮಾಡು ನಿನ್ನದು, ಅಂದ ಕುನಿಹರು.
ಅಷ್ಟೆ. ನಲವತ್ತೈದು ವರ್ಷ ಆ ಎರಡೇ ಮಾತು
ಎರಡು ಮನೆಗೂ ಸಾಕಾಯಿತು.
ಅಪ್ಪನ ಸಾವಿಗೆ ಅವನು ಬರಲಿಲ್ಲ. ಲಕೋಟೆ ಬಂತು,
ಒಳಗೆ ಹಣವಿತ್ತು, ಹೊರಗೆ ಹೆಸರಿರಲಿಲ್ಲ.

ಹಗ್ಗ ಮಾತ್ರ ಪ್ರತಿ ಚಳಿಗಾಲ ಅದೇ ಮರಕ್ಕೆ.
ಅಪ್ಪ ಕೇಳಲಿಲ್ಲ. ಅವನು ಬೇಡವೆನ್ನಲಿಲ್ಲ.
ನಾನೂ ಹಾಗೆಯೇ, ಬೆಳಕು ಹರಿಯುವ ಮೊದಲೇ
ಕಳ್ಳಿಯಂತೆ ನುಸುಳಿ ಕಟ್ಟಿ ಬರುವವಳು.
ಹೆಜ್ಜೆ ಉಳಿಯುತ್ತಿತ್ತು.
ಮಧ್ಯಾಹ್ನಕ್ಕೆ ಹಿಮವೇ ಅದನ್ನು ಮುಚ್ಚಿಬಿಡುತ್ತಿತ್ತು.

ಇವತ್ತು ಬಾಗಿಲಿನ ಜೊತೆ ಗುದ್ದಾಡಿ ತಡವಾಯಿತು.
ಸೊಂಟದಾಳ ಅಗೆದು ಕಾಂಡ ಹುಡುಕುವಷ್ಟರಲ್ಲಿ
ಬೆಳಗಾಗಿತ್ತು, ಕಂಡುಬಿಟ್ಟೆ:
ಹಗ್ಗ ಉಜ್ಜುವ ಜಾಗಕ್ಕೆ ಸರಿಯಾಗಿ
ಸೈಕಲ್ಲಿನ ಟೈರು ಸುತ್ತಿ ತಾಮ್ರದ ತಂತಿಯಲ್ಲಿ ಬಿಗಿದಿದ್ದಾರೆ.
ಅದರಡಿ ಸವೆದ ಇನ್ನೊಂದು ಟೈರು.
ಅದರಡಿ ಕಪ್ಪಾಗಿ ಕೊಳೆತ ಭತ್ತದ ಹುಲ್ಲಿನ ಹುರಿ.
ಕೈಗವಸಿನಲ್ಲಿ ಎಷ್ಟು ವರ್ಷ ತಡವಿದ್ದೆ,
ತೊಗಟೆ ಅಂದುಕೊಂಡಿದ್ದೆ.

ಮರಕ್ಕೆ ಗಾಯವಾಗದಿರಲೆಂದೋ,
ಹಗ್ಗ ಕಡಿಯದಿರಲೆಂದೋ.
ತಂತಿಯ ತುದಿಯನ್ನು ಯಾರ ಬಟ್ಟೆಗೂ ಸಿಗದಂತೆ
ಒಳಕ್ಕೆ ಮಡಚಲಾಗಿತ್ತು.

ಈಗ ನೆತ್ತಿಯ ಮೇಲೆ ನಿಂತಿದ್ದೇನೆ, ಎರಡು ಮನೆಯೂ ಕಾಣುತ್ತದೆ.
ಹಕ್ಕಿಗೆಂದು ಬಿಟ್ಟ ಮೂರು ಹಣ್ಣು, ತಲೆಗೊಂದು ಬಿಳಿ ಟೋಪಿ.
ನಾನು ಅರ್ಧ ಹೆಜ್ಜೆ ಸರಿದರೆ
ಹಗ್ಗ ಬಿಗಿದು ಕೊಂಬೆ ನಡುಗಿ
ಒಂದು ಟೋಪಿ ಉದುರುತ್ತದೆ.
ಅವನ ಕಿಟಕಿಯ ಗಾಜಿಗೆ ಒಳಗಿನಿಂದ ಆವಿ;
ಎಂಬತ್ತಾರರ ಒಂದು ತೋಳು ಅದನ್ನು ವೃತ್ತವಾಗಿ ಒರೆಸಿತು,
ಅಥವಾ ಬೆಕ್ಕು ಹಾದುಹೋಯಿತು.

“ಏನೇ, ನಿಂತೇಬಿಟ್ಟೆ?” ಕೆಳಗಿನಿಂದ ಸುಮಿಯೆ.
“ಏನಿಲ್ಲ. ಹಗ್ಗ ನೋಡ್ತಿದ್ದೆ.”
“ಗಟ್ಟಿಯಿದೆಯಾ?”

ಸಲಿಕೆ ತುಂಬ ಕೊಯ್ದು, ಗಾಳಿ ಆ ಕಡೆ ಇದ್ದರೂ,
ಈ ಕಡೆಗೇ ಜಾರಿಸಿದೆ.
ಮತ್ತೆ ಬೀಳತೊಡಗಿತ್ತು.