ಎಂಟನೇ ಸಾಲು

ಬೆಳಿಗ್ಗೆ ಹತ್ತೂಕಾಲಿಗೆ ಕಂಡಕ್ಟರ್ ಗುತ್ಯಪ್ಪನ ಫೋನು.
"ಅಲ್ಲ ಮೇಡಂ, ನಿಮ್ಮ ಆ್ಯಪಲ್ಲಿ ಹಳೇಸೊರಬ ಇಲ್ವಂತಲ್ಲ?
ಇಪ್ಪತ್ತಾರು ವರ್ಷದಿಂದ ದಿನಾ ಅಲ್ಲಿ ಸೀಟಿ ಊದ್ತಿದೀನಿ.
ಇವತ್ತೊಬ್ಬ ಕಾಲೇಜು ಹುಡುಗ ಮೊಬೈಲು ಮುಖಕ್ಕೆ ಹಿಡಿದು
ಅಂಥಾ ಸ್ಟಾಪೇ ಇಲ್ಲ ಅಂತಾನೆ.
ಹಾಗಾದ್ರೆ ಇಷ್ಟು ದಿನ ನಾನು ಎಲ್ಲಿ ಗಾಡಿ ನಿಲ್ಲಿಸ್ತಿದ್ದೆ?"

ತೆರೆದು ನೋಡಿದೆ. ಇದೆ.
ಬೆಳಗಿನ ಏಳೂಹತ್ತು, ಮಧ್ಯಾಹ್ನದ ಒಂದೂವರೆ, ಸಂಜೆಯ ಕಡೇ ಗಾಡಿ,
ಭಾನುವಾರ ಇಲ್ಲ ಎಂಬ ಟಿಪ್ಪಣಿ ಸಮೇತ.
ಎದುರು ಮೇಜಿನ ಅಫ್ರೀನ್ ತನ್ನ ಯಂತ್ರ ನೋಡಿ
ತಲೆಯಾಡಿಸಿದಳು.
"ನನ್ನಲ್ಲಿ ಬರ್ತಿದೆ" ಎಂದೆ.
ಈ ಕಸುಬಿನಲ್ಲಿ ಇದಕ್ಕಿಂತ ನಾಚಿಕೆಗೆಟ್ಟ ಮಾತಿಲ್ಲ,
ಆದರೂ ಎರಡು ಸಲ ಎಂದೆ.

ಗಿಟ್‌ಗೆ ಸ್ಥಿತಿ ಕೇಳಿದರೆ ಎಲ್ಲ ಸ್ವಚ್ಛ ಎಂದಿತು.
ನೆಂಟರು ಬರುವ ಹೊತ್ತಿಗೆ ಕಸವನ್ನು ಚಾಪೆಯಡಿ ತಳ್ಳಿದ
ಮನೆಯ ಸ್ವಚ್ಛ.
ಯಾವುದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಎಲ್ಲರೂ ಒಪ್ಪಿ ಬರೆದ ಪಟ್ಟಿಯನ್ನು
ಅಫ್ರೀನ್ ಗಟ್ಟಿಯಾಗಿ ಓದಿದಳು, ಶಾಲೆಯ ಹಾಜರಿ ಕರೆದಂತೆ.
ಒಂದು ಊರೂ ಓಗೊಡಲಿಲ್ಲ.
ಕಿಟಕಿಯ ಕೆಳಗೆ ಶಿವಮೊಗ್ಗದ ಖಾಸಗಿ ಬಸ್‌ಸ್ಟ್ಯಾಂಡು,
ಏಜೆಂಟರು ಕೂಗುತ್ತಲೇ ಇದ್ದರು:
ಸಾಗರ ಸಾಗರ ಸಾಗರ, ಹೊಸನಗರ ಯಾರ್ರೀ,
ಶಿಕಾರಿಪುರ ಶಿರಾಳಕೊಪ್ಪ ಸೊರಬ.
ಅವರದು ಸುಲಭ. ಕೂಗಿದರೆ ಊರು ಇರುತ್ತದೆ.

ಕಡೆಗೆ ಕಡತದ ಹೆಸರು ಕೊಟ್ಟು ನೇರ ಕೇಳಿದೆ,
ಇದನ್ನು ಬಿಡು ಅಂತ ನಿನಗೆ ಹೇಳಿದ್ದು ಯಾರು?
ಮುಲಾಜಿಲ್ಲದೆ ಬಂತು ಒಂದೇ ಗೆರೆಯ ಉತ್ತರ:
ಇದೇ ಯಂತ್ರದ ಒಳಪಟ್ಟಿ, ಎಂಟನೇ ಸಾಲು.

ಆ ಪಟ್ಟಿ ಯಾರಿಗೂ ಹೋಗುವುದಿಲ್ಲ.
ಎಲ್ಲರ ಗಂಟು ಸೇರುವ ಉಗ್ರಾಣಕ್ಕೆ ಅದು ಬರುವುದಿಲ್ಲ,
ಪಕ್ಕದ ಮೇಜಿಗೂ ಕಾಣದು.
ಉಳಿದ ಸಾಲುಗಳಿಗೆಲ್ಲ ಬರೆದವರ ಹೆಸರು, ತಾರೀಖು, ಗಂಟೆ ಇದೆ,
ಇದಕ್ಕೆ ಸಾಕ್ಷಿಯೇ ಇಲ್ಲ.

ಇದ್ದದ್ದು ಇಷ್ಟೇ. ಹಳೆ, ಅದಕ್ಕಂಟಿ ಒಂದು ನಕ್ಷತ್ರ.
ನಕ್ಷತ್ರವೆಂದರೆ, ಮುಂದೆ ಏನೇ ಬರಲಿ.

ಹಳೆಪಟ್ಟಿ, ಹಳೆಪಟ್ಟಿಎರಡು, ಹಳೆನಿಜವಾಗ್ಲೂಹಳೆ,
ಕರಡುಗಳ ಕಾಟ ತಾಳದೆ ಯಾರೋ
ಇವು ಕಣ್ಣಿಗೆ ಬೀಳದಿರಲಿ ಎಂದಿದ್ದಾರೆ. ಸರಿಯಾದ ಆಸೆಯೇ.
ಆದರೆ ಈ ಸೀಮೆಯಲ್ಲಿ ಊರಿಗೂ ಹಳೇ ಅನ್ನುತ್ತಾರೆ,
ಮೊದಲು ಇದ್ದದ್ದಕ್ಕೆ, ಗೌರವಕ್ಕೆ.
ಇಂಗ್ಲಿಷ್ ಅಕ್ಷರದಲ್ಲಿ ಎರಡಕ್ಕೂ ಒಂದೇ ಬರಹ.

ಹುಡುಕಿದರೆ ಇನ್ನೂ ಸಿಕ್ಕವು:
ಭದ್ರಾವತಿಯ ಹಳೇನಗರ. ಹಳೇಜೇಡಿಕಟ್ಟೆ.
ಎಂಟು ತಿಂಗಳು ನನ್ನೊಬ್ಬಳ ಪರದೆಯ ಮೇಲೆ
ಬಸ್ಸು ಹತ್ತಿ ಇಳಿದುಕೊಂಡಿದ್ದವು.
ಅಲ್ಲಿಂದ ಒಂದೂ ಫೋನು ಬಂದಿರಲಿಲ್ಲ.
ನೋಡಿರಬೇಕು, ಇಲ್ಲವೆಂದು ಕಂಡಿರಬೇಕು,
ಮೊಬೈಲು ಜೇಬಿಗಿಟ್ಟು ರಸ್ತೆಗೆ ಬಂದು
ಎಂದಿನಂತೆ ಕೈ ಅಡ್ಡ ಹಿಡಿದಿರಬೇಕು.

"ಯಾರ ಕೆಲಸ ಇದು?"
ಈ ಯಂತ್ರ ನನಗಿಂತ ಮುಂಚೆ ಲೋಹಿತಾಶ್ವನದು,
ಕೆಲಸ ಬಿಟ್ಟು ಹೊಳೆಹೊನ್ನೂರಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು.
ಅವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.
ಪಟ್ಟಿಯ ಮೊದಲ ಆರು ಸಾಲು ಹುಟ್ಟಿನಿಂದ ಬಂದವು, ಯಾರವೂ ಅಲ್ಲ.
ಏಳನೆಯದು ಬರೆದವರು ತಮಗೇ ಬರೆದುಕೊಂಡ ಚೀಟಿ:
ಸೋಮವಾರ ತೆಗೀಬೇಕು, ಮರೀಬೇಡ ಮಾರಾಯ್ತಿ.

ಲೋಹಿತಾಶ್ವ ತನ್ನನ್ನು ತಾನು ಮಾರಾಯ್ತಿ ಅಂದುಕೊಳ್ಳುವವನಲ್ಲ.

ಅಫ್ರೀನ್ ಓದಿದಳು. ಏನೂ ಅನ್ನದೆ
ತನ್ನ ಬಾಟಲಿಯ ನೀರು ನನ್ನ ಕಡೆ ಸರಿಸಿದಳು.

ಸಾಲು ಅಳಿಸಿದೆ. ಮೂರು ಊರು ಕೆಂಪಗೆ ಎದ್ದು ನಿಂತವು.
ಸೇರಿಸಿದೆ, ಕಳಿಸಿದೆ, ಅವಳು ಎಳೆದುಕೊಂಡಳು, ಬಂತು ಎಂದಳು.
ಮಧ್ಯಾಹ್ನ ಗುತ್ಯಪ್ಪನಿಗೆ ನಾನೇ ಫೋನು ಮಾಡಿದೆ,
ಗೆದ್ದವಳ ದನಿಯಲ್ಲಿ.
ಗಾಡಿಯ ಸದ್ದಿನ ನಡುವೆ ಅವನು ಯಾರಿಂದಲೋ ಓದಿಸಿಕೊಂಡ.
"ಹೌದು, ಬಂದೈತೆ. ಆದ್ರೆ ಮೇಡಂ,
ಒಂದೂವರೆ ಗಾಡಿ ನಿಂತುಹೋಗಿ ಆರು ತಿಂಗಳಾಯ್ತು,
ಏಳೂಹತ್ತರದು ಈಗ ಏಳಕ್ಕೇ ಬಿಡುತ್ತೆ.
ನೀವು ಹಾಕಿರೋದು ಹಳೇದು."