ಒಂದೂವರೆ ಮನೆ

ಪೆಟ್ಟಿಗೆ ಹೊರುವವನು ನಾನು.
ಅದರ ಹಿಡಿ ಕಿತ್ತುಹೋದಾಗ ಅವ್ವ
ಜೀನ್ಸಿನ ಪಟ್ಟಿ ಮಡಿಚಿ
ಮೂರು ಹೊಲಿಗೆ ಹಾಕಿಕೊಟ್ಟಿದ್ದಾಳೆ.
ಎಂಥ ಸಭೆಗೆ ಹೋದರೂ ಆ ನೀಲಿ ಹಿಡಿಯನ್ನು
ಜನ ಒಮ್ಮೆ ನೋಡುತ್ತಾರೆ, ಆಮೇಲೆ ಅಕ್ಕನನ್ನು.

ಕೌಲ್‌ಬಜಾರಿನ ಮಹಡಿಯಲ್ಲಿ ಹನ್ನೆರಡು ಮಷೀನು.
ಹೋದ ಕರೆಂಟು ಬಂದಾಗ ಎಲ್ಲವೂ ಒಟ್ಟಿಗೆ
ಗುಂಯ್ ಎನ್ನುವ ಆ ಗಳಿಗೆ,
ಮೂಲೆಯಲ್ಲಿ ಗುಂಡಿ ಆಯುತ್ತ ಕೂತ ಎಂಟು ವರ್ಷದವಳು
ಬಾಯಿ ಮುಚ್ಚಿಕೊಂಡೇ ಅದಕ್ಕೆ ದನಿ ಕೂಡಿಸಿದಳು.
ಪ್ಯಾಂಟು ಸರಿಮಾಡಿಸಲು ಬಂದಿದ್ದ ದೇವಸಹಾಯಂ ಮಾಸ್ತರು
ಅಳತೆ ಕೊಡುವುದನ್ನು ಬಿಟ್ಟು ತಿರುಗಿದರು.
ರೈಲ್ವೆ ಪಾರ್ಸೆಲ್ ಆಫೀಸಿನ ಹಳೆಯ ಗುಮಾಸ್ತ;
ಭಾನುವಾರ ಇಗರ್ಜಿಯಲ್ಲಿ ನಿಂತು ನುಡಿಸುವವರು,
ಉಳಿದ ಆರು ದಿನ ಚಾಪೆಯ ಮೇಲೆ ಕೂತು.
ಫೀಸು, ತಿಂಗಳಿಗೊಂದು ಜಿಪ್ಪು, ಇಲ್ಲವೇ ಎರಡು ಕಾಲಂಚು.
ಮಾಸ್ತರು ತೀರಿಕೊಂಡಾಗ
ಅವರ ಪ್ಯಾಂಟುಗಳೆಲ್ಲ ಹೊಸದರಂತಿದ್ದವು.

ಅವ್ವನ ಬೆರಳಿಗೆ ಸೂಜಿ, ಅಕ್ಕನ ಬೆರಳಿಗೆ ತಂತಿ.
ಸುಡುವ ಚಹಾದ ಲೋಟವನ್ನು
ಇಬ್ಬರೂ ಬರಿಗೈಲಿ ಹಿಡಿಯುತ್ತಾರೆ.

ಈಗ ಅವಳದು ಪಕ್ಕವಾದ್ಯ.
ಹಾಡುವವರು ಗಂಡಸಾದರೆ ಒಂದು ಮನೆ, ಒಂದೂವರೆ ಮನೆ,
ಹೆಂಗಸಾದರೆ ಐದು, ಐದೂವರೆ.
ಶ್ರುತಿಯ ಲೆಕ್ಕದಲ್ಲಿ ಎಷ್ಟು ಮನೆ ಹೊಕ್ಕಿದ್ದಾಳೋ!
ಒಂದೊಂದಕ್ಕೂ ಬಿರಡೆ ತಿರುವಿ, ತಂತಿ ಸಡಿಲಿಸಿ, ಮತ್ತೆ ಬಿಗಿದು.
ನಮ್ಮದು ಮಾತ್ರ ಒಂದೇ, ಬಾಡಿಗೆಯದು.
ಅಲ್ಲಿ ಸಾಧನೆಗೆ ಖಾಲಿ ಇರುವುದು
ಬೆಳಗಿನ ನಾಲ್ಕೂವರೆ.

ಆಲಾಪನೆ ಮುಗಿಸಿ ಕೆಲವರು
‘ಹೂಂ’ ಅಂತ ಅವಳ ಕಡೆ ಕೈ ತೋರಿಸುತ್ತಾರೆ.
ಕೆಲವರು ಗಡಿಯಾರ ತೋರಿಸುತ್ತಾರೆ.
ನಲವತ್ತು ನಿಮಿಷದ ಕಾಂಬೋಧಿಗೆ
ಮೂರು ನಿಮಿಷದಲ್ಲಿ ಹೇಗೆ ಉತ್ತರ ಕೊಡುವುದೆಂದು
ಮಾಸ್ತರು ಕಲಿಸಿರಲಿಲ್ಲ.
ಅದನ್ನವಳು ಗುಂತಕಲ್ ಜಂಕ್ಷನ್ನಿನಲ್ಲಿ
ರಾತ್ರಿ ಎರಡರ ಗಾಡಿ ಕಾಯುತ್ತ
ಮೊಣಕಾಲ ಮೇಲೆ ಬೆರಳಾಡಿಸಿ ಕಲಿತಳು.

ಒಂದು ಸಲ ಒಬ್ಬ ಕಾರ್ಯದರ್ಶಿಯ ಫೋನು.
“ಸುಂಕ್ಲಮ್ಮ ಅಂತ ಕಾರ್ಡಿನಲ್ಲಿ ಚೆನ್ನಾಗಿ ಕಾಣಲ್ಲಮ್ಮ.
ಸುನಂದಾ ಅಂತ ಹಾಕೋಣವೇ?”
ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು
“ಸುನಂದಾ ಸಿಕ್ಕರೆ ಅವರನ್ನೇ ಕರೆಸಿರಿ” ಅಂದಳು.
ಆ ಕಛೇರಿ ಹೋಯಿತು. ಅದರ ಹಿಂದೆ ಇನ್ನೆರಡು.
ಆ ತಿಂಗಳು ಅವ್ವ ರಾತ್ರಿ ಪಾಳಿಯನ್ನೂ ಹೊಲಿದಳು,
ಏನೂ ಕೇಳಲಿಲ್ಲ.

ಹೋದ ಮಾರ್ಚಿನಲ್ಲಿ ಬಳ್ಳಾರಿಯಲ್ಲೇ.
ದೊಡ್ಡ ವಿದ್ವಾಂಸರು, ತೋಡಿ.
ಹೊರಗೆ ಅದಿರಿನ ಲಾರಿಗಳ ಸಾಲು,
ಕಿಟಕಿಗೆ ಹಸಿಬಟ್ಟೆ ಕಟ್ಟಿದ್ದರೂ ಮೈಕಿನ ಮೇಲೆ ಕೆಂಪು ಧೂಳು.
ಮೇಲಿನ ಗಾಂಧಾರಕ್ಕೆ ಏರಿದ ಕೊರಳು
ಅಲ್ಲೇ ಒಡೆಯಿತು.
ಅಕ್ಕನ ಕಮಾನು ಆ ಸ್ವರವನ್ನು ಬೀಳಗೊಡದೆ ಹಿಡಿಯಿತು,
ಎಷ್ಟು ಮೆಲ್ಲಗೆ ಅಂದರೆ
ಅದು ಪಿಟೀಲೆಂದೇ ತಿಳಿಯದಷ್ಟು.
ಅವರು ಕೆಮ್ಮಲಿಲ್ಲ, ನೀರಿಗೆ ಕೈ ಚಾಚಲಿಲ್ಲ;
ನಿದ್ದೆಯಲ್ಲಿ ಮಗ್ಗುಲಾದವರಂತೆ
ಅದರೊಳಗೇ ಮರಳಿ ಬಂದರು.
ಜನ ಚಪ್ಪಾಳೆ ತಟ್ಟಿದರು. ಅವರಿಗೆ.

ಕೊನೆಯ ಸಾಲಿನಲ್ಲಿ ಅವ್ವ,
ಯಾವ ರಾಗವೂ ಗೊತ್ತಿಲ್ಲದವಳು, ನನ್ನ ತೊಡೆ ಚಿವುಟಿ
“ದಾರ ಹರಿದಿತ್ತು, ನೋಡಿದೇನು?
ಗಂಟು ಕಾಣದಂಗ ಕೂಡಿಸ್ಯಾಳ” ಅಂದಳು.

ಮುಗಿದ ಮೇಲೆ ವಿದ್ವಾಂಸರು
ಶಾಲು ಮಡಿಚುತ್ತ, ಶಾಲನ್ನೇ ನೋಡುತ್ತ,
“ನಾಡಿದ್ದು ಹೊಸಪೇಟೆಗೂ ಬರುತ್ತೀಯೇನಮ್ಮ?
ಹೆಸರು ಏನೆಂದೆ?”
ಮೂರು ಗಂಟೆ ಪಕ್ಕದಲ್ಲೇ ಕೂತಿದ್ದಳು.
ಅಕ್ಕ ಕಮಾನಿನ ಕೂದಲು ಸಡಿಲಿಸಿದಳು,
ತಂತಿಯ ಕೆಳಗಿನ ರಾಳದ ಬಿಳಿಪುಡಿಯನ್ನು
ಸಾವಕಾಶ ಒರೆಸಿದಳು,
ಊರನ್ನೂ ಸೇರಿಸಿ ಹೆಸರು ಹೇಳಿದಳು.

ಅವರು ಬರೆದುಕೊಂಡರೋ ಇಲ್ಲವೋ.
ನಾನಾಗಲೇ ನೀಲಿ ಹಿಡಿಯನ್ನು ಹಿಡಿದು
ಆಟೋ ಕೂಗಲು ಹೋಗಿದ್ದೆ.