ಜಮಾ

ಸಂಜೆ ಐದೂವರೆಗೆ ಬಂದಳು ತಂಜೀಮಾ,
ಭಟ್ಟಿ ಮಾಬುಸಾಬರ ನಡುವಿನ ಮಗಳು,
ಬೆನ್ನಿಗೆ ಪಿಯುಸಿ ಪುಸ್ತಕದ ಚೀಲ, ಕೈಯಲ್ಲೊಂದು ಅರ್ಜಿ.
"ಕೊಟ್ರಣ್ಣ, ಎರಡು ಜೆರಾಕ್ಸ್.
ಆಮೇಲೆ ಮುನ್ನೂರೈವತ್ತು ರೂಪಾಯಿ.
ಅಪ್ಪನ ಪುಟದಲ್ಲಿ ಬರೀಬೇಡಿ."

ಇಪ್ಪತ್ತೆಂಟು ವರ್ಷದಿಂದ ಅಕ್ಕಿ, ಬೆಲ್ಲ, ಶಾಂಪೂ ಚೀಟಿ
ಉದ್ರಿ ಕೊಟ್ಟವನು ನಾನು.
ಪಾಠ ಉದ್ರಿ ಕೇಳಿದವಳು ಇವಳೇ ಮೊದಲು.

ಏನಿದು ಅಂದೆ.
ಶನಿವಾರ ಮಧ್ಯಾಹ್ನ ಡಿಗ್ರಿ ಕಾಲೇಜಲ್ಲಿ
ಸಂಖ್ಯಾಶಾಸ್ತ್ರದ್ದೊಂದು ಪೇಪರಂತೆ,
ಪಿಯು ಮಕ್ಕಳನ್ನು ಹನ್ನೊಂದು ಜನ ಕೂರಿಸಿಕೊಳ್ಳುತ್ತಾರಂತೆ,
ಪಾಸಾದರೆ ಎರಡು ಕ್ರೆಡಿಟ್ಟು.
ಮುಂದೆ ಡಿಗ್ರಿಗೆ ಸೇರಿದಾಗ ಆ ಎರಡೂ ಅಲ್ಲೇ ಇರುತ್ತವಂತೆ,
ಬಸ್ಸಿನ ಕಿಟಕಿಯಿಂದ ಮೊದಲೇ ಎಸೆದು
ಸೀಟು ಹಿಡಿದ ಕರ್ಚೀಫಿನ ಹಾಗೆ.

ಕ್ರೆಡಿಟ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ:
ಇವತ್ತು ತಿನ್ನು, ಒಂದನೇ ತಾರೀಖು ಮುಖ ತಪ್ಪಿಸು.
"ಇಂದು ನಗದು ನಾಳೆ ಉದ್ರಿ" ಅಂತ ಗೋಡೆಗೆ ಬರೆದ
ಪೇಂಟರನದೇ ಇನ್ನೂ ಎಂಬತ್ತು ರೂಪಾಯಿ ಬಾಕಿ.
"ಇದು ಹಂಗಲ್ಲ," ಅಂದಳು,
"ಮೊದಲು ಕೊಡೋದು, ಆಮೇಲೆ ತಗೊಳ್ಳೋದು."
ಅಂಥ ಅಂಗಡಿ ನಾನು ಕಂಡಿಲ್ಲ.

ಹೊಸ ಪುಟ ತೆಗೆದೆ.
ಈ ಪುಸ್ತಕದಲ್ಲಿ ಹೆಣ್ಣುಮಕ್ಕಳಿದ್ದಾರೆ ಬೇಕಾದಷ್ಟು,
ಇಂಥವರ ಹೆಂಡತಿ, ಇಂಥವರ ತಾಯಿ ಅಂತ.
ಜೀ ದೀರ್ಘವಾ ಗಿಡ್ಡವಾ ಅಂತ ನಾನು ತಡವರಿಸುವಾಗ
ಪೆನ್ನು ಇಸಕೊಂಡು ಅವಳೇ ಬರೆದಳು.

ಸರಕು ತರಲು ಹೋದಾಗ ನೋಡಿದ್ದೇನೆ,
ಅಶೋಕ ಟಾಕೀಸ್ ಗೇಟು ಬಿದ್ದರೆ ಎಲ್ಲರ ಹಾಗೆ ನುಸುಳದೆ
ಸೈಕಲ್ಲು ಹಿಡಿದು ಗೂಡ್ಸಿನ ಡಬ್ಬಿ ಎಣಿಸುತ್ತಾ ನಿಂತಿರುತ್ತಿದ್ದಳು.

ಯುಗಾದಿಗೆ ಮುಂಚೆ ಒಂದಿನ
ಎಂಟು ಭಟ್ಟಿಯ ಎಂಟು ಕವರು ಮಂಡಕ್ಕಿ
ನನ್ನ ಕೌಂಟರ್ ಮೇಲೆ ಸುರಿದಳು.
ಒಂದೊಂದರಲ್ಲೂ ನೂರು ಕಾಳು ಎಣಿಸಬೇಕು,
ಅರಳದೆ ಉಳಿದದ್ದು ಬೇರೆ ಇಡಬೇಕು.
ಬೀಡಿಗೆ ಬಂದ ಹಮಾಲಿ ಚೌಡಪ್ಪನೂ ಕೂತ,
ಎಣಿಸುತ್ತಾ ಎಣಿಸುತ್ತಾ ಹದಿನಾಲ್ಕು ಬಾಯಿಗೆ ಹಾಕ್ಕೊಂಡ.
"ಸ್ಯಾಂಪಲ್ ಕೆಟ್ಟೋಯ್ತು," ಅಂತ ಮತ್ತೆ ಒಂದರಿಂದ ಶುರು.
ಅವಳಪ್ಪನ ಭಟ್ಟಿಯದರಲ್ಲಿ
ನೂರಕ್ಕೆ ಒಂಬತ್ತು ಅರಳಿರಲಿಲ್ಲ.
ಎಲ್ಲಕ್ಕಿಂತ ಜಾಸ್ತಿ.
ನನ್ನ ತಕ್ಕಡಿಯ ಮುಳ್ಳು ನೋಡುತ್ತಾ ಸ್ವಲ್ಪ ಹೊತ್ತು ಕೂತಳು.
ಬರೆದಳು, ಒಂಬತ್ತು ಅಂತಲೇ.

ಮೇ ತಿಂಗಳ ಧಗೆಯಲ್ಲಿ ರಿಸಲ್ಟು.
ಮೊಬೈಲಿನಲ್ಲಿ ಅವಳ ಹೆಸರು, ಅದರ ಮುಂದೆ 2.
ಮಾಬುಸಾಬರು ರಾತ್ರಿ ಪಾಳಿ ಮುಗಿಸಿ ಬಂದಿದ್ದರು,
ಹುಬ್ಬಿನ ತುಂಬ ಹೊಟ್ಟಿನ ಬೂದಿ.
"ಎರಡು ಅಂದ್ರೆ ಎರಡೇನು? ಸೇರಾ, ಕೇಜಿಯಾ?"
ನಾನೂ ಚೌಡಪ್ಪನೂ ಮುಖ ಮುಖ ನೋಡಿಕೊಂಡೆವು.
ಒಂಬತ್ತರ ಸಂಗತಿ ಆವತ್ತೇ ಅವರಿಗೆ ಹೇಳಿದ್ದಳಂತೆ.
"ಆ ದಿನ ಉಸುಕು ಸರಿಯಾಗಿ ಕಾದಿರಲಿಲ್ಲ," ಅಂದರಂತೆ,
ಅಷ್ಟೇ.

ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು
ಐವತ್ತು ಐವತ್ತರಂತೆ ಏಳು ಕಂತಲ್ಲಿ ತೀರಿಸಿದಳು.
ತೀರಿದ ಪುಟಕ್ಕೆ ಅಡ್ಡಗೆರೆ ಎಳೆಯುವುದು ನನ್ನ ರೂಢಿ.
"ತಡೀರಿ," ಅಂದಳು.
ಎಡಗಡೆ ಒಂದು ಕಾಲಮ್ಮು, ತಲೆಗೆ "ಜಮಾ" ಅಂತ ಅಚ್ಚು,
ಇಷ್ಟು ವರ್ಷ ನಾನು ಅಲ್ಲಿ ಏನೂ ಬರೆದವನಲ್ಲ.
ಅಲ್ಲಿ 2 ಅಂತ ಬರೆದು ಹೋದಳು.

ತಿಂಗಳ ಕೊನೆಗೆ ಕೂಡಿಸುವಾಗ ಪ್ರತಿ ಸಲ
ಲೆಕ್ಕ ಎರಡು ಹೆಚ್ಚಿಗೆ ಬರುತ್ತದೆ.
ಹುಡುಕಲು ಹೋಗುವುದಿಲ್ಲ.